ನೋಟಕ್ಕಾಗಿ ಕಟ್ಟಿದ ಹಾದಿ: ಅಮೆರಿಕದ ದೃಶ್ಯರಸ್ತೆಗಳ ವಿನ್ಯಾಸ ಮತ್ತು ಪ್ರವಾಸ ಯೋಜನೆ

ಅಮೆರಿಕದ ಮೋಟಾರು ಪ್ರವಾಸವನ್ನು ಕುರಿತ ಬರಹಗಳಲ್ಲಿ ಚಾಲಕನ ಸ್ವಾತಂತ್ರ್ಯಕ್ಕೆ ದೊಡ್ಡ ಸ್ಥಾನವಿದೆ. ಮನಸ್ಸು ಬಂದಲ್ಲಿ ತಿರುಗಿ, ಬೇಕೆನಿಸಿದಲ್ಲಿ ನಿಂತು, ಯಾರ ವೇಳಾಪಟ್ಟಿಗೂ ಕಟ್ಟುಬೀಳದೆ ಸಾಗುವ ಪ್ರಯಾಣಿಕನ ಈ ಚಿತ್ರವು ಆ ದೇಶದ ಸಾಮಾನ್ಯ ಹೆದ್ದಾರಿಗಳ ಮಟ್ಟಿಗೆ ಅಷ್ಟಿಷ್ಟು ನಿಜವಿರಬಹುದಾದರೂ, ನಿಸರ್ಗದ ಚೆಲುವಿಗೆಂದೇ ಹೆಸರಾದ ರಸ್ತೆಗಳ ವಿಷಯದಲ್ಲಿ ಒಪ್ಪತಕ್ಕದ್ದಲ್ಲ. ಅಂಥ ರಸ್ತೆಗಳಲ್ಲಿ ಕಾರು ಎಲ್ಲಿ ನಿಲ್ಲಬೇಕು, ಕಣಿವೆ ಯಾವ ತಿರುವಿನಲ್ಲಿ ಕಣ್ಣಿಗೆ ಬೀಳಬೇಕು, ಅದಕ್ಕೆ ಮುಂಚೆ ಎಷ್ಟು ದೂರ ಮರಗಳ ಮರೆಯಲ್ಲಿ ಸಾಗಬೇಕು ಎಂಬುದನ್ನು ಭೂದೃಶ್ಯ ವಿನ್ಯಾಸಕಾರರು, ಅಂದರೆ ನೆಲ, ಗಿಡಮರ, ನೀರು ಮತ್ತು ದಾರಿಗಳ ಜೋಡಣೆಯನ್ನೇ ವೃತ್ತಿಯಾಗಿ ಉಳ್ಳವರು, ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲೇ ನಕ್ಷೆಯ ಮೇಲೆ ನಿರ್ಧರಿಸಿಟ್ಟಿದ್ದರು. ಇಂದಿನ ಪ್ರವಾಸಿ ಹಾಕಿಕೊಳ್ಳುವ ಯೋಜನೆ ಆ ಹಳೆಯ ಯೋಜನೆಯೊಳಗೆ ಅಡಕವಾದ ಎರಡನೆಯ ಯೋಜನೆ. ಮೊದಲನೆಯದರ ಉದ್ದೇಶ ತಿಳಿಯದೆ ಎರಡನೆಯದನ್ನು ಸರಿಯಾಗಿ ಹೂಡಲು ಬರುವುದಿಲ್ಲ ಎಂಬುದು ಈ ಲೇಖನದ ವಾದ.

ಯೋಜಿತ ದೃಶ್ಯರಸ್ತೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಗಣಿಸಲಾಗುವುದು ಆರೆಗಾನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ಕಮರಿಯನ್ನು ಅನುಸರಿಸಿ 1913ರಿಂದ 1922ರವರೆಗೆ ನಿರ್ಮಾಣವಾದ ಹೆದ್ದಾರಿ. ಇದರ ಹಿಂದಿದ್ದವರು ಉದ್ಯಮಿ ಸ್ಯಾಮ್ಯುಯೆಲ್ ಹಿಲ್ ಮತ್ತು ಎಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್. 1908ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ರಸ್ತೆ ಸಮ್ಮೇಳನಕ್ಕೆ ಹೋಗಿದ್ದ ಇವರು ಯುರೋಪಿನ ಬೆಟ್ಟದ ರಸ್ತೆಗಳನ್ನೂ ನೋಡಿ ಬಂದರು. ಸ್ವಿಟ್ಜರ್‌ಲೆಂಡಿನ ಸರೋವರದ ದಂಡೆಯಲ್ಲಿ ಬಂಡೆ ಕೊರೆದು ಮಾಡಿದ ಆಕ್ಸೆನ್‌ಸ್ಟ್ರಾಸೆ ಎಂಬ ರಸ್ತೆಯ ಕಿಟಕಿಗಳುಳ್ಳ ಸುರಂಗವೇ ಕೊಲಂಬಿಯಾ ಕಮರಿಯ ಮಿಚೆಲ್ ಪಾಯಿಂಟ್ ಸುರಂಗಕ್ಕೆ ಮಾದರಿಯಾಯಿತು. 1915ರಲ್ಲಿ ಮುಗಿದ ಈ ಸುರಂಗದ ನದಿಯ ಕಡೆಯ ಗೋಡೆಯಲ್ಲಿ ಐದು ಕಿಟಕಿಗಳನ್ನು ಕಡಿಯಲಾಗಿತ್ತು. ರಸ್ತೆಯ ಏರಿಕೆ ಶೇಕಡಾ 5ನ್ನು ಮೀರಬಾರದು, ಅಂದರೆ ನೂರು ಅಡಿ ಮುಂದೆ ಸಾಗಿದಾಗ ಐದು ಅಡಿಗಿಂತ ಹೆಚ್ಚು ಮೇಲೇರಬಾರದು, ತಿರುವಿನ ತ್ರಿಜ್ಯ 100 ಅಡಿಗಿಂತ ಕಡಿಮೆಯಾಗಬಾರದು ಎಂಬ ಬಿಗಿಯಾದ ನಿಯಮಗಳ ಒಳಗೇ ಲ್ಯಾಂಕಾಸ್ಟರ್ ಜಲಪಾತಗಳನ್ನೂ ಬಂಡೆಯ ತುದಿಗಳನ್ನೂ ಮೊದಲು ಗುರುತಿಸಿಕೊಂಡು, ಆ ಬಿಂದುಗಳನ್ನು ಮುಟ್ಟುವಂತೆ ದಾರಿಯನ್ನು ಎಳೆದರು. ಸಾಮಾನ್ಯ ರಸ್ತೆ ಎರಡು ಊರುಗಳನ್ನು ಜೋಡಿಸಿದರೆ ಇದು ಎರಡು ನೋಟಗಳನ್ನು ಜೋಡಿಸುತ್ತದೆ. ಮುಂದೆ ವೇಗದ ಹೆದ್ದಾರಿಯು ನದಿಯ ಮಟ್ಟದಲ್ಲೇ ಬಂದಾಗ, ಅದರ ಅಗಲೀಕರಣಕ್ಕಾಗಿ ಮಿಚೆಲ್ ಪಾಯಿಂಟ್ ಸುರಂಗವನ್ನು 1966ರಲ್ಲಿ ಒಡೆದುಹಾಕಲಾಯಿತು. ಅದೇ ಜಾಗದಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಾದ ಹೊಸ ಸುರಂಗವೊಂದು 2025ರಲ್ಲಿ ತೆರೆದಿದೆ. ಅದಕ್ಕೂ ಐದು ಕಿಟಕಿಗಳಿವೆ.

ಕಿಟಕಿಯ ಈ ಉಪಾಯ ಅಲ್ಲಿಗೇ ನಿಲ್ಲಲಿಲ್ಲ. ಯೂಟಾ ರಾಜ್ಯದ ಜಯಾನ್ ಉದ್ಯಾನದಲ್ಲಿ 1930ರಲ್ಲಿ ತೆರೆದ, ಒಂದು ಮೈಲಿಗೂ ಉದ್ದವಾದ ಸುರಂಗದ ಕಲ್ಲುಗೋಡೆಯಲ್ಲೂ, ಮಾಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ಪಶ್ಚಿಮ ಸುರಂಗದಲ್ಲೂ ಅದು ಮರುಕಳಿಸಿದೆ. ಈ ಎರಡನೆಯ ರಸ್ತೆಯ ಕತೆ ವಿನ್ಯಾಸದ ಇತಿಹಾಸದಲ್ಲಿ ಹೆಚ್ಚು ಮುಖ್ಯವಾದುದು. ಲೋಗನ್ ಕಣಿವೆದಾರಿಯನ್ನು (ಎತ್ತರ 6,646 ಅಡಿ) ದಾಟಿಸುವ ಈ ಸುಮಾರು 50 ಮೈಲಿಯ ರಸ್ತೆಗೆ ರಾಷ್ಟ್ರೀಯ ಉದ್ಯಾನ ಸೇವೆಯ ಎಂಜಿನಿಯರ್ ಜಾರ್ಜ್ ಗುಡ್‌ವಿನ್ ಸಿದ್ಧಪಡಿಸಿದ ನಕ್ಷೆಯಲ್ಲಿ ಹದಿನೈದು ಹೇರ್‌ಪಿನ್ ತಿರುವುಗಳಿದ್ದವು. ಆಗುಂಬೆ ಘಾಟಿಯನ್ನು ಹತ್ತಿದವರಿಗೆ ಈ ಬಗೆಯ ದಾರಿಯ ಪರಿಚಯವಿದ್ದೇ ಇದೆ: ಕಡಿಮೆ ಜಾಗದಲ್ಲಿ ಹೆಚ್ಚು ಎತ್ತರವನ್ನು ಗಳಿಸಲು ಬೆಟ್ಟದ ಒಂದೇ ಮುಖದ ಮೇಲೆ ರಸ್ತೆ ಹಿಂದಕ್ಕೂ ಮುಂದಕ್ಕೂ ಮಡಿಚಿಕೊಳ್ಳುತ್ತದೆ, ಆದ್ದರಿಂದ ಚಾಲಕನಿಗೆ ಅದೇ ಇಳಿಜಾರು ಮತ್ತೆ ಮತ್ತೆ ಕಾಣುತ್ತದೆ, ದೂರದಿಂದ ನೋಡುವವರಿಗೆ ಬೆಟ್ಟದ ಮೈಮೇಲೆ ಗೀರುಗಳು ಕಾಣುತ್ತವೆ. ಯುವ ಭೂದೃಶ್ಯ ವಿನ್ಯಾಸಕಾರ ಥಾಮಸ್ ವಿಂಟ್ ಇದನ್ನು ವಿರೋಧಿಸಿ, ಗಾರ್ಡನ್ ವಾಲ್ ಎಂಬ ಕಡಿದಾದ ಬಂಡೆಗೋಡೆಯ ಉದ್ದಕ್ಕೂ ಒಂದೇ ಏರಿಕೆಯಲ್ಲಿ, ಒಂದೇ ಹೇರ್‌ಪಿನ್ ತಿರುವಿನೊಂದಿಗೆ ಸಾಗುವ ದಾರಿಯನ್ನು ಸೂಚಿಸಿದರು. ಖರ್ಚು ಹೆಚ್ಚಾಗುವುದು ಸ್ಪಷ್ಟವಿದ್ದರೂ ಉದ್ಯಾನ ಸೇವೆಯ ನಿರ್ದೇಶಕ ಸ್ಟೀಫನ್ ಮ್ಯಾಥರ್ ವಿಂಟ್ ಅವರ ಪಕ್ಷ ವಹಿಸಿದರು. 1924ರ ಶರತ್ಕಾಲದಲ್ಲಿ ಸಾರ್ವಜನಿಕ ರಸ್ತೆಗಳ ಬ್ಯೂರೋದ ಫ್ರ್ಯಾಂಕ್ ಕಿಟ್ರೆಜ್ ಅಳತೆ ನಡೆಸಿದರು. 1933ರ ಜುಲೈ 15ರಂದು ರಸ್ತೆ ಲೋಕಾರ್ಪಣೆಗೊಂಡಿತು. ತಡೆಗೋಡೆಗಳಿಗೆ ಅಲ್ಲಿಯದೇ ಕಲ್ಲನ್ನು ಬಳಸಿದ್ದರಿಂದ ಇಂದಿಗೂ ಕಣಿವೆಯ ಆಚೆಯಿಂದ ನೋಡಿದಾಗ ರಸ್ತೆಯನ್ನು ಬಂಡೆಯಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ರಸ್ತೆಯಿಂದ ಕಾಣುವ ನೋಟ ಮಾತ್ರವಲ್ಲದೆ ರಸ್ತೆಯೇ ನೋಟದೊಳಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಅಧಿಕೃತ ಧೋರಣೆಯಾದದ್ದು ಈ ವಿವಾದದ ನಂತರವೇ.

ಅದೇ ಧೋರಣೆಯನ್ನು 469 ಮೈಲಿಗಳವರೆಗೆ (ಸುಮಾರು 755 ಕಿಲೋಮೀಟರ್) ಹಿಗ್ಗಿಸಿದ ಪ್ರಯೋಗ ಬ್ಲೂ ರಿಜ್ ಪಾರ್ಕ್‌ವೇ. ವಾಣಿಜ್ಯ ವಾಹನಗಳಿಗೆ ಪ್ರವೇಶವಿಲ್ಲದ, ಎರಡೂ ಬದಿಗೆ ಉದ್ಯಾನದಂತೆ ಕಾಪಾಡಿದ ಭೂಮಿಯುಳ್ಳ ರಸ್ತೆಗೆ ಪಾರ್ಕ್‌ವೇ ಎನ್ನುತ್ತಾರೆ. ನ್ಯೂಯಾರ್ಕಿನ ಬಳಿ 1925ರಲ್ಲಿ ಮುಗಿದ ಬ್ರಾಂಕ್ಸ್ ನದಿ ಪಾರ್ಕ್‌ವೇ ಇದರ ಹಿಂದಿನ ಮಾದರಿ. ವರ್ಜೀನಿಯಾದ ಶೆನಂಡೋವಾ ಉದ್ಯಾನವನ್ನು ಉತ್ತರ ಕೆರೊಲಿನಾದ ಗ್ರೇಟ್ ಸ್ಮೋಕಿ ಪರ್ವತಗಳ ಉದ್ಯಾನಕ್ಕೆ ಜೋಡಿಸುವ ಈ ಮಾರ್ಗದ ಪಾಲಿಗಾಗಿ ಟೆನ್ನೆಸಿ ರಾಜ್ಯವೂ ಹಟ ಹಿಡಿದಿತ್ತು. 1934ರಲ್ಲಿ ಒಳಾಡಳಿತ ಕಾರ್ಯದರ್ಶಿ ಹೆರಾಲ್ಡ್ ಇಕಿಸ್ ಉತ್ತರ ಕೆರೊಲಿನಾದ ಪರವಾಗಿ ತೀರ್ಪು ಕೊಟ್ಟರು. 1935ರ ಸೆಪ್ಟೆಂಬರ್‌ನಲ್ಲಿ ಕೆಲಸ ಆರಂಭವಾದಾಗ ವಿನ್ಯಾಸದ ಹೊಣೆ ಇನ್ನೂ ಮೂವತ್ತು ದಾಟದ ಸ್ಟ್ಯಾನ್ಲಿ ಅಬಟ್ ಅವರ ಮೇಲಿತ್ತು. ಸಾಲು ನೋಟಗಳು ಬೇಗ ಬೇಸರ ತರುತ್ತವೆ ಎಂದು ಅರಿತಿದ್ದ ಅಬಟ್ ರಸ್ತೆಯನ್ನು ಸದಾ ಬೆಟ್ಟದ ನೆತ್ತಿಯ ಮೇಲೆಯೇ ಓಡಿಸದೆ, ಹೊಲ, ತೊರೆ, ಕಾಡುಗಳ ನಡುವೆ ಇಳಿಸಿ ಮತ್ತೆ ಏರಿಸಿದರು. ರಸ್ತೆಯಂಚಿನ ಜಮೀನನ್ನೆಲ್ಲ ಕೊಳ್ಳುವಷ್ಟು ಹಣವಿಲ್ಲದೆಡೆ ದೃಶ್ಯ ಹಕ್ಕು ಎಂಬ ಕಾನೂನಿನ ಸಾಧನವನ್ನು ಬಳಸಲಾಯಿತು: ರೈತನು ಭೂಮಿಯ ಒಡೆಯನಾಗಿಯೇ ಉಳಿದು ಉಳುಮೆ ಮುಂದುವರಿಸುತ್ತಾನೆ, ಆದರೆ ಅಲ್ಲಿ ಜಾಹೀರಾತು ಫಲಕ ನಿಲ್ಲಿಸುವ, ಹೊಸ ಕಟ್ಟಡ ಎಬ್ಬಿಸುವ ಹಕ್ಕನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿರುತ್ತಾನೆ.

ಹೀಗೆ ಕಾಪಾಡಲಾದ ನೋಟ ಎಷ್ಟರಮಟ್ಟಿಗೆ ರಚಿತವಾದುದು ಎಂಬುದಕ್ಕೆ 176ನೆಯ ಮೈಲಿಗಲ್ಲಿನ ಬಳಿಯ ಮೇಬ್ರಿ ಗಿರಣಿ ಒಳ್ಳೆಯ ಸಾಕ್ಷಿ. ನೀರಿನ ಚಕ್ರ, ಕೊಳ, ಬದಿಗೊಂದು ಮರದ ದಿಮ್ಮಿಗಳ ಮನೆ ಇರುವ ಈ ತಾಣ ಪಾರ್ಕ್‌ವೇಯಲ್ಲಿ ಅತಿ ಹೆಚ್ಚು ಛಾಯಾಚಿತ್ರಕ್ಕೆ ಸಿಕ್ಕ ಜಾಗಗಳಲ್ಲೊಂದು. ಗಿರಣಿಯ ಒಡೆಯರಾದ ಮೇಬ್ರಿ ದಂಪತಿ ವಾಸವಿದ್ದುದು ಮಾತ್ರ ಹಲಗೆಗಳಿಂದ ಕಟ್ಟಿದ ಎರಡಂತಸ್ತಿನ ಬಿಳಿಯ ಮನೆಯಲ್ಲಿ. ಬೆಟ್ಟದ ಜನರ ಹಳೆಯ ಬದುಕು ಎಂಬ ಕಲ್ಪನೆಗೆ ಆ ಮನೆ ಹೊಂದಲಿಲ್ಲವೆಂದು ಅದನ್ನು ತೆಗೆದು, ಬೇರೆಡೆಯಿಂದ ತಂದ ದಿಮ್ಮಿಮನೆಯನ್ನು ಅಲ್ಲಿ ನಿಲ್ಲಿಸಲಾಯಿತು. ವಾಸ್ತವಕ್ಕಿಂತ ಒಂದು ತಲೆಮಾರು ಹಳೆಯದಾದ ಬಡತನವೇ ಹೆಚ್ಚು ಸುಂದರವೆಂದು ಭಾವಿಸಿದ ಈ ಅಭಿರುಚಿಯನ್ನು ಕೇವಲ ಅಲಂಕಾರವೆಂದು ಬಿಟ್ಟುಬಿಡುವಂತಿಲ್ಲ; ಅದು ಜನರ ಬಗೆಗಿನ ತೀರ್ಮಾನವೂ ಹೌದು. ಪಾರ್ಕ್‌ವೇಯ ದಕ್ಷಿಣ ತುದಿಯಲ್ಲಿ ಪೂರ್ವ ಚೆರೋಕೀ ಎಂಬ ಮೂಲನಿವಾಸಿ ಸಮುದಾಯವು ತನ್ನ ಸೋಕೋ ಕಣಿವೆಯ ಫಲವತ್ತಾದ ನೆಲವನ್ನು ರಸ್ತೆಗೆ ಬಿಡಲು ಒಪ್ಪದೆ ವರ್ಷಗಟ್ಟಲೆ ಪ್ರತಿರೋಧಿಸಿದ್ದರಿಂದ, ಕೊನೆಗೆ ಪಾರ್ಕ್‌ವೇ ಬೆಟ್ಟದ ಮೇಲಕ್ಕೆ ಸರಿಯಿತು, ಕಣಿವೆಗೆ ರಾಜ್ಯವೇ ಬೇರೆ ಸಾಮಾನ್ಯ ರಸ್ತೆಯನ್ನು ಮಾಡಿಕೊಟ್ಟಿತು. ಇಂದು ಆ ಭಾಗದಲ್ಲಿ ಪ್ರವಾಸಿ ಮೆಚ್ಚುವ ಎತ್ತರದ ನೋಟಗಳು ಆ ಪ್ರತಿರೋಧದ ಫಲ.

ಕೊನೆಯ ತುಣುಕಾದ ಗ್ರ್ಯಾಂಡ್‌ಫಾದರ್ ಪರ್ವತದ ಬದಿಯ ಲಿನ್ ಕೋವ್ ಮೇಲ್ಸೇತುವೆ 1983ರಲ್ಲಿ ಮುಗಿಯಿತು. ಅದಕ್ಕೆ ಸೇರುವ ರಸ್ತೆಯೂ ಸಿದ್ಧವಾಗಿ ಪಾರ್ಕ್‌ವೇ ಪೂರ್ಣಗೊಂಡದ್ದು 1987ರಲ್ಲಿ. 1,243 ಅಡಿ ಉದ್ದದ ಈ ಸೇತುವೆ ಮೊದಲೇ ಎರಕ ಹೊಯ್ದ 153 ಕಾಂಕ್ರೀಟ್ ಖಂಡಗಳ ಜೋಡಣೆ. ಬಂಡೆಗಳ ನಡುವೆ ಯಂತ್ರಗಳಿಗೆ ದಾರಿ ಕಡಿಯಬಾರದೆಂದು ಪ್ರತಿ ಖಂಡವನ್ನೂ ಈಗಾಗಲೇ ಕಟ್ಟಿದ ಭಾಗದ ಮೇಲಿಂದ ಮುಂದಕ್ಕೆ ಚಾಚಿ ಕೂರಿಸಲಾಯಿತು, ಕಂಬಗಳ ತುಂಡುಗಳನ್ನೂ ಮೇಲಿನಿಂದಲೇ ಇಳಿಸಲಾಯಿತು; ಸುತ್ತಲಿನ ಕಲ್ಲಿನ ಬಣ್ಣ ಬರಲೆಂದು ಕಾಂಕ್ರೀಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಲಾಯಿತು.

ಈ ನೋಟಗಳು ಯಾರಿಗಾಗಿ ಎಂಬ ಪ್ರಶ್ನೆಗೆ ಅಂದಿನ ಉತ್ತರ ಸಂಕುಚಿತವಾಗಿತ್ತು. ಶೆನಂಡೋವಾ ಉದ್ಯಾನಕ್ಕಾಗಿ ಬೆಟ್ಟದ ನೂರಾರು ಕುಟುಂಬಗಳನ್ನು ಎಬ್ಬಿಸಲಾಗಿತ್ತು. ಅದರೊಳಗಿನ ಸ್ಕೈಲೈನ್ ಡ್ರೈವ್‌ನಲ್ಲಿ ಕಪ್ಪು ಜನರಿಗೆಂದು ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ತಂಗುದಾಣವನ್ನು 1939ರಲ್ಲಿ ತೆರೆಯಲಾಯಿತು, 1950ರ ಹೊತ್ತಿಗಷ್ಟೇ ಆ ಬೇಲಿ ಪೂರ್ತಿ ಹೋಯಿತು. ಅದೇ ಕಾಲದಲ್ಲಿ ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ಹೊರತರತೊಡಗಿದ ‘ಗ್ರೀನ್ ಬುಕ್’ ಎಂಬ ಕೈಪಿಡಿ, ಕಪ್ಪು ಪ್ರಯಾಣಿಕರಿಗೆ ಕೋಣೆ, ಊಟ, ಪೆಟ್ರೋಲ್ ಸಿಗುವ ವಿಳಾಸಗಳನ್ನು ಊರೂರಿಗೆ ಪಟ್ಟಿ ಮಾಡುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಕಪ್ಪು ಜನರು ಊರಿನೊಳಗೆ ಇರಕೂಡದೆಂಬ ಕಟ್ಟಳೆಯುಳ್ಳ ಊರುಗಳು ಅನೇಕವಿದ್ದಾಗ, ದಿನದ ಪ್ರಯಾಣದ ಉದ್ದವನ್ನು ನೋಟದ ತಾಣಗಳ ಬದಲು ರಾತ್ರಿಯ ತಂಗುದಾಣವೇ ನಿರ್ಧರಿಸುತ್ತಿತ್ತು. ಅಮೆರಿಕದ ಪ್ರವಾಸ ಯೋಜನೆಯ ಇತಿಹಾಸವನ್ನು ಬರೆಯುವವರು ಈ ಕೈಪಿಡಿಯನ್ನು ಅಡಿಟಿಪ್ಪಣಿಗೆ ಸರಿಸುವುದು ತಪ್ಪು. ದಾರಿಯ ಪ್ರತಿ ನಿಲುಗಡೆಯನ್ನೂ ಮುಂಚಿತವಾಗಿ ಲೆಕ್ಕ ಹಾಕುವ ಕಲೆಯನ್ನು ಅತ್ಯಂತ ಕಟ್ಟುನಿಟ್ಟಾಗಿ ಅಭ್ಯಾಸ ಮಾಡಿದವರು ಅದರ ಓದುಗರೇ.

1956ರ ಕಾಯಿದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹಬ್ಬಿದ ಮೇಲೆ ದೃಶ್ಯರಸ್ತೆ ಮತ್ತು ಸಾಗಣೆಯ ರಸ್ತೆ ಪೂರ್ತಿ ಬೇರೆಬೇರೆಯಾದವು. ಡೊನಾಲ್ಡ್ ಆಪಲ್‌ಯಾರ್ಡ್, ಕೆವಿನ್ ಲಿಂಚ್ ಮತ್ತು ಜಾನ್ ಮೈಯರ್ 1964ರಲ್ಲಿ ಪ್ರಕಟಿಸಿದ ಅಧ್ಯಯನವು ನಗರದ ವೇಗದ ಹೆದ್ದಾರಿಯನ್ನೂ ಸಾಲಾಗಿ ಬರುವ ನೋಟಗಳ ಅನುಭವವೆಂದು ಬಗೆದು, ಅದನ್ನು ಬರೆದಿಡಲು ಸಂಕೇತಗಳ ಪದ್ಧತಿಯೊಂದನ್ನು ರೂಪಿಸಿತು. ಆದರೆ ಎಂಜಿನಿಯರರ ರೂಢಿಯನ್ನು ಅದು ಹೆಚ್ಚೇನೂ ಬದಲಿಸಿದಂತೆ ಕಾಣುವುದಿಲ್ಲ. 1965ರ ಕಾಯಿದೆ ರಸ್ತೆಬದಿಯ ಜಾಹೀರಾತು ಫಲಕಗಳಿಗೆ ಮಿತಿ ಹಾಕಿತು. 1991ರಲ್ಲಿ ರಾಷ್ಟ್ರೀಯ ದೃಶ್ಯಮಾರ್ಗಗಳ ಕಾರ್ಯಕ್ರಮ ಆರಂಭವಾಗಿ, ಈಗಾಗಲೇ ಇದ್ದ ರಸ್ತೆಗಳಿಗೆ ದೃಶ್ಯ, ನಿಸರ್ಗ, ಇತಿಹಾಸ, ಸಂಸ್ಕೃತಿ, ಪುರಾತತ್ತ್ವ, ವಿಹಾರ ಎಂಬ ಆರು ಗುಣಗಳ ಆಧಾರದ ಮೇಲೆ ಮನ್ನಣೆ ನೀಡತೊಡಗಿತು. ಕಟ್ಟುವ ಕಾಲ ಮುಗಿದು ಪಟ್ಟಿ ಮಾಡುವ ಕಾಲ ಬಂದಿತ್ತು.

ಪ್ರವಾಸಿಯ ಯೋಜನೆಯಲ್ಲಿ ಮೊದಲು ಎದುರಾಗುವುದು ಈ ಎರಡು ಬಗೆಯ ರಸ್ತೆಗಳ ವೇಗದ ಅಂತರ. 2015ರಲ್ಲಿ ಸಂಶೋಧಕ ರ‍್ಯಾಂಡಲ್ ಓಲ್ಸನ್ ಒಂದಕ್ಕೊಂದು ಹೊಂದಿಕೊಂಡಿರುವ 48 ರಾಜ್ಯಗಳಲ್ಲಿ ಹರಡಿದ ಐವತ್ತು ತಾಣಗಳನ್ನು ಮುಟ್ಟುವ ಕಡಿಮೆ ಅವಧಿಯ ಸುತ್ತುಮಾರ್ಗವನ್ನು ಕಂಪ್ಯೂಟರಿನಿಂದ ಹುಡುಕಿಸಿದರು. ಸುಮಾರು 13,700 ಮೈಲಿಗಳ ಆ ಮಾರ್ಗ ಸಾಕಷ್ಟು ಪ್ರಚಾರವನ್ನೂ ಪಡೆಯಿತು. ಹಲವು ಊರುಗಳನ್ನು ಒಮ್ಮೊಮ್ಮೆ ಮಾತ್ರ ಮುಟ್ಟಿ ಹಿಂದಿರುಗುವ ಮಾರಾಟಗಾರನ ದಾರಿ ಹುಡುಕುವ ಗಣಿತದ ಹಳೆಯ ಸಮಸ್ಯೆಗೆ ಅದು ಸೊಗಸಾದ ಉತ್ತರ. ದೃಶ್ಯಪ್ರವಾಸಕ್ಕೆ ಅದರಿಂದ ಪ್ರಯೋಜನ ಕಡಿಮೆ, ಏಕೆಂದರೆ ತಾಣಗಳೇ ಗುರಿ ಮತ್ತು ನಡುವಿನ ದಾರಿ ಬರಿಯ ವೆಚ್ಚ ಎಂಬ ಎಣಿಕೆಯ ಮೇಲೆ ಅದು ನಿಂತಿದೆ. ಬ್ಲೂ ರಿಜ್ ಪಾರ್ಕ್‌ವೇಯಲ್ಲಿ ವೇಗದ ಮಿತಿ ಗಂಟೆಗೆ 45 ಮೈಲಿ; ಎಲ್ಲಿಯೂ ನಿಲ್ಲದೆ ಅದೇ ವೇಗದಲ್ಲಿ ಹೋದರೂ ಹತ್ತು ಗಂಟೆಗೂ ಹೆಚ್ಚು ಬೇಕು, ನಿಂತು ಸಾಗುವವರಿಗೆ ಎರಡು ಮೂರು ದಿನಗಳು ಬೇಕು. ಹೊತ್ತನ್ನು ಉಳಿಸಲು ಬರೆದ ಫೋನಿನ ನಕ್ಷೆಗಳು ಪ್ರಯಾಣಿಕನನ್ನು ಅಂತರರಾಜ್ಯ ಹೆದ್ದಾರಿಗೇ ಮರಳಿ ಕಳುಹಿಸುವುದು ಇದೇ ಕಾರಣಕ್ಕೆ.

ಎರಡನೆಯದು ಋತು, ಅದನ್ನು ಅಲ್ಲಿ ತಿಂಗಳಿಗಿಂತ ಎತ್ತರದಿಂದ ಓದಬೇಕಾಗುತ್ತದೆ. ಪಾರ್ಕ್‌ವೇ ಜೇಮ್ಸ್ ನದಿಯ ಬಳಿ 649 ಅಡಿ, ರಿಚ್‌ಲ್ಯಾಂಡ್ ಬಾಲ್ಸಮ್‌ನಲ್ಲಿ 6,053 ಅಡಿ ಎತ್ತರದಲ್ಲಿರುವುದರಿಂದ, ವಸಂತದ ಹೂವು ತಗ್ಗಿನಿಂದ ಮೇಲಕ್ಕೆ ಹತ್ತುತ್ತದೆ, ಶರತ್ಕಾಲದ ಎಲೆಬಣ್ಣ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಒಂದು ವಾರ ತಡವಾದವರು ಬೇರೆ ಎತ್ತರಕ್ಕೆ ಸರಿದುಕೊಂಡರೆ ಸಾಕು. ಪಶ್ಚಿಮದ ಪರ್ವತಗಳಲ್ಲಿ ಈ ಸಡಿಲಿಕೆ ಇಲ್ಲ. ಲೋಗನ್ ದಾರಿಯ ಹಿಮವನ್ನು ಏಪ್ರಿಲ್‌ನಿಂದ ಯಂತ್ರಗಳು ಕೆತ್ತತೊಡಗಿದರೂ ರಸ್ತೆ ಪೂರ್ತಿ ತೆರೆಯುವುದು ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈನಲ್ಲಿ. ಕೊಲರಾಡೋದ 12,183 ಅಡಿ ಎತ್ತರದ ಟ್ರೇಲ್ ರಿಜ್ ರಸ್ತೆ ಮೇ ಕೊನೆಯಿಂದ ಅಕ್ಟೋಬರ್ ನಡುವರೆಗಷ್ಟೇ ಲಭ್ಯ. ಇದರ ಜೊತೆಗೆ ವಾಹನದ ಅಳತೆಯೂ ಸೇರುತ್ತದೆ: ಗೋಯಿಂಗ್-ಟು-ದ-ಸನ್ ರಸ್ತೆಯ ಕಿರಿದಾದ ಭಾಗದಲ್ಲಿ 21 ಅಡಿ ಉದ್ದ, 8 ಅಡಿ ಅಗಲ ಮೀರಿದ ವಾಹನಗಳಿಗೆ ಅವಕಾಶವಿಲ್ಲ.

ಮೂರನೆಯದು ದಿಕ್ಕು, ಮಾರ್ಗದರ್ಶಿಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ, ಭಾರತದಿಂದ ಹೋದ ಚಾಲಕನ ಅಂದಾಜು ಇಲ್ಲಿ ತಲೆಕೆಳಗಾಗುತ್ತದೆ. ಗ್ಲೇಸಿಯರ್‌ನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹತ್ತುವವರು ಕಣಿವೆಯ ಅಂಚಿನಲ್ಲಿರುತ್ತಾರೆ, ಎದುರಿನಿಂದ ಇಳಿಯುವವರು ಬಂಡೆಗೋಡೆಗೆ ಅಂಟಿಕೊಂಡು ಬರುತ್ತಾರೆ. ನೋಟ ಬೇಕಾದವರು ಮೊದಲನೆಯದನ್ನೂ ಪ್ರಪಾತದ ಭಯವುಳ್ಳವರು ಎರಡನೆಯದನ್ನೂ ಆರಿಸಿಕೊಳ್ಳುವುದು ಯುಕ್ತ. ಕ್ಯಾಲಿಫೋರ್ನಿಯಾದ ಕರಾವಳಿಯ 1ನೇ ಸಂಖ್ಯೆಯ ಹೆದ್ದಾರಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸಾಗಿದರೆ ಕಾರು ಕಡಲಿನ ಬದಿಯಲ್ಲಿರುತ್ತದೆ, ನಿಲುದಾಣಗಳಿಗೆ ಎದುರು ವಾಹನಗಳನ್ನು ದಾಟದೆ ಹೊರಳಬಹುದು.

ಅದೇ ಕರಾವಳಿಯಲ್ಲಿ ಮೊದಲ ಯೋಜನೆಯ ಸಾಲ ಇನ್ನೂ ತೀರಿಲ್ಲ. ಕೈದಿಗಳ ದುಡಿಮೆಯನ್ನೂ ಬಳಸಿ ಕಟ್ಟಿ 1937ರಲ್ಲಿ ತೆರೆದ ಬಿಗ್ ಸರ್ ಭಾಗದ ರಸ್ತೆಯನ್ನು ಸಮುದ್ರದ ಮೇಲಿನ ಸಡಿಲ ಇಳಿಜಾರಿನಲ್ಲಿ ಕಡಿಯಲಾಗಿದ್ದು, ನೋಟಕ್ಕೆ ಕಾರಣವಾದ ಆ ಕಡಿದಾದ ನೆಲವೇ ಕುಸಿತಕ್ಕೂ ಕಾರಣವಾಗಿದೆ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್‌ನಲ್ಲಿ ಬೆಟ್ಟ ಜಾರಿ ಸುಮಾರು ಕಾಲು ಮೈಲಿ ರಸ್ತೆಯನ್ನು ಮುಚ್ಚಿದಾಗ, ಕುಸಿದ ಮಣ್ಣಿನ ಮೇಲೆಯೇ ಹೊಸ ರಸ್ತೆ ಮಾಡಿ ತೆರೆಯಲು 2018ರ ಜುಲೈವರೆಗೆ ಹಿಡಿಯಿತು. ಬ್ಲೂ ರಿಜ್‌ನಲ್ಲಿಯೂ 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತ ಉತ್ತರ ಕೆರೊಲಿನಾ ಭಾಗದ ಅನೇಕ ಕಡೆ ರಸ್ತೆಯನ್ನು ಕೊಚ್ಚಿತು. ಅಲ್ಲಿ ಅಕ್ಕಪಕ್ಕದ ಊರಿನ ರಸ್ತೆಗಳಿಗೆ ಇಳಿದು ಮುಂದಿನ ಮೈಲಿಗಲ್ಲಿನ ಬಳಿ ಮತ್ತೆ ಹತ್ತಿಕೊಳ್ಳಲು ಸಾಧ್ಯ. ಬಿಗ್ ಸರ್‌ನಲ್ಲಿ ಸಾಂಟಾ ಲೂಸಿಯಾ ಬೆಟ್ಟಸಾಲನ್ನು ದಾಟಿಸುವುದು ನಸಿಮಿಯೆಂಟೋ-ಫರ್ಗುಸನ್ ಎಂಬ ಒಂದೇ ಕಿರಿದಾದ ರಸ್ತೆ, ಅದೂ ಮುಚ್ಚಿದ್ದರೆ ಪ್ರಯಾಣಿಕನು ಬಂದ ದಾರಿಯಲ್ಲೇ ಹಿಂದಿರುಗಿ ಒಳನಾಡಿನ 101ನೇ ಸಂಖ್ಯೆಯ ಹೆದ್ದಾರಿಯನ್ನು ಹಿಡಿಯಬೇಕಾಗುತ್ತದೆ. ಆದಕಾರಣ ಆ ಭಾಗಕ್ಕೆ ಹೊರಡುವವರು ರಾಜ್ಯದ ಸಾರಿಗೆ ಇಲಾಖೆಯ ರಸ್ತೆ ಸ್ಥಿತಿಯ ಪ್ರಕಟಣೆಯನ್ನು ಹೊರಡುವ ದಿನ ಬೆಳಗ್ಗೆಯೇ ನೋಡಿಕೊಂಡು, ಆ ರಾತ್ರಿಯ ಕೋಣೆಯನ್ನು ಅದಕ್ಕೆ ತಕ್ಕಂತೆ ಕಾದಿರಿಸಬೇಕಾಗುತ್ತದೆ.