ಮಣ್ಣಿನ ನೀರು: ಸಂಗ್ರಹ ವಿಧಾನಗಳ ಇತಿಹಾಸ

ಪುಣೆಯ ಸದಾಶಿವ ಪೇಠವು ಸದಾಶಿವರಾವ್ ಭಾವುವಿನ ಹೆಸರನ್ನು ಹೊತ್ತಿದೆ. ಇಲ್ಲಿನ ‘ಹೌದ’ಕ್ಕೆ, ಎಂದರೆ ನೀರಿನ ತೊಟ್ಟಿಗೆ, ಹದಿನೆಂಟನೆಯ ಶತಮಾನದಲ್ಲಿ ನಾನಾ ಫಡ್ನವೀಸನು ನರ್ಹೆ-ಆಂಬೇಗಾಂವ ಕಡೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತರಿಸಿದನು. ಮಣ್ಣಿನಲ್ಲಿ ಇಂಗಿ, ತನ್ನ ಭಾರದಿಂದಲೇ ಬಸಿದು ಕೂಡಿದ ನೀರು ಅದು. ಕುಡಿಯುವವನಿಗೆ ಇಷ್ಟು ಸಾಕು. ಆದರೆ ಆ ನೀರಿನಿಂದ ಮಣ್ಣಿನ ಸಾವಯವ ದ್ರವ್ಯವನ್ನು ಅರಿಯಬಯಸುವ ರಸಾಯನಜ್ಞನಿಗೆ ಸಾಕೇ?

ನೀರಿನಲ್ಲಿ ಕರಗಿದ ಸಾವಯವ ದ್ರವ್ಯದ ಶಾಸ್ತ್ರೀಯ ವಿಚಾರವು ಊಟೆಯ ನೀರಿನಿಂದಲೇ ಬೆಳೆಯಿತೆಂಬುದು ಗಮನಾರ್ಹ. ಸ್ವೀಡನ್ನಿನ ಬರ್ಜೀಲಿಯಸನು 1830ರ ದಶಕದಲ್ಲಿ ಪೋರ್ಲಾ ಎಂಬಲ್ಲಿಯ ಚಿಲುಮೆಯ ನೀರಿನಿಂದ ಸಾವಯವ ಆಮ್ಲಗಳನ್ನು ಬೇರ್ಪಡಿಸಿ, ಗ್ರೀಕರ ‘ಚಿಲುಮೆ’ ಶಬ್ದದಿಂದ ಅವಕ್ಕೆ ಹೆಸರಿಟ್ಟನು.

ಬಸಿದ ನೀರನ್ನು ಅಳೆಯುವ ಪದ್ಧತಿಯು ಇದಕ್ಕೂ ಹಳೆಯದು. 1688ರಲ್ಲಿ ಫ್ರಾನ್ಸಿನ ದ ಲಾ ಈರನು ಸೀಸದ ಪಾತ್ರೆಗಳಲ್ಲಿ ಮಣ್ಣು ತುಂಬಿ ಪರೀಕ್ಷಿಸಿದನು. 1870ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಮಣ್ಣನ್ನು ಕದಲಿಸದೆ, 20, 40, 60 ಅಂಗುಲಗಳ ಆಳದಲ್ಲಿ ಬಸಿಮಾಪಕಗಳನ್ನು ಕಟ್ಟಿದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಿಹಾರದ ಪೂಸಾದಲ್ಲಿ ಲೆದರ್ ಎಂಬ ರಸಾಯನಜ್ಞನು ಇದೇ ಮಾರ್ಗವನ್ನು ಹಿಡಿದನು. ಈ ವಿಧಾನಕ್ಕೆ ಸಿಗುವುದು ಮಳೆಯ ನಂತರ ದೊಡ್ಡ ರಂಧ್ರಗಳಲ್ಲಿ ವೇಗವಾಗಿ ಇಳಿಯುವ ನೀರು ಮಾತ್ರ.

ಸಣ್ಣ ರಂಧ್ರಗಳು ಬಿಗಿಹಿಡಿದ ನೀರಿಗೆ ಎಳೆತ ಬೇಕು. 1904ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಮೆಕಾಲ್ ಸರಂಧ್ರ ಪಿಂಗಾಣಿಯ ನಳಿಗೆಯನ್ನು ಮಣ್ಣಿನಲ್ಲಿ ಹೂತು, ಗಾಳಿಯನ್ನು ಹೊರತೆಗೆದು ನೀರನ್ನು ಹೀರಿದರು. ಅದನ್ನು ‘ಕೃತಕ ಬೇರು’ ಎಂದು ಕರೆದರು. ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ನೀರು ಪಡೆಯುವುದು ಇದರ ಗುಣ. ಪಿಂಗಾಣಿಯು ಸಾವಯವ ದ್ರವ್ಯದ ಒಂದಂಶವನ್ನು ತಾನೇ ಹಿಡಿದಿಟ್ಟುಕೊಳ್ಳುವುದು ದೋಷ. ಮಣ್ಣನ್ನು ಅಗೆದು ತಂದು ಯಂತ್ರದಲ್ಲಿ ರಭಸದಿಂದ ತಿರುಗಿಸಿದರೆ ಇನ್ನೂ ಬಿಗಿಯಾದ ನೀರು ದೊರೆಯುತ್ತದೆ. ಆದರೆ ಅಗೆತದಲ್ಲಿ ಹರಿದ ಬೇರುಗಳ ರಸವೂ ಅದರೊಡನೆ ಬೆರೆಯುತ್ತದೆ.

ಪುಣೆಯ ಸೀಮೆಯಿಂದ ವಿಜಯಪುರ, ಧಾರವಾಡಗಳವರೆಗೆ ಅಲ್ಲಲ್ಲಿ ಹರಡಿರುವ ಎರೆಭೂಮಿಯಲ್ಲಿ ಈ ಭೇದವು ಇನ್ನೂ ತೀವ್ರವಾಗುತ್ತದೆ. ಬೇಸಗೆಯಲ್ಲಿ ಎರೆಮಣ್ಣು ಬಿರಿದಾಗ ನಳಿಗೆಗೂ ಮಣ್ಣಿಗೂ ಸಂಬಂಧ ತಪ್ಪುತ್ತದೆ. ಮೊದಲ ಮಳೆಯ ನೀರು ಮಣ್ಣಿನ ಕಣಗಳನ್ನು ಸರಿಯಾಗಿ ಸೋಕದೆ ಬಿರುಕುಗಳಿಂದ ನೇರವಾಗಿ ಇಳಿದುಹೋಗುತ್ತದೆ. ಆದ್ದರಿಂದ ಎರಡು ಹೊಲಗಳ ಸಾವಯವ ದ್ರವ್ಯವನ್ನು ಹೋಲಿಸುವ ಮುನ್ನ ಆ ನೀರನ್ನು ಹೇಗೆ ಪಡೆದರೆಂದು ಕೇಳಬೇಕು. ವಿಧಾನ ಬೇರೆಯಾದಲ್ಲಿ ಅಂಕಿಗಳ ಅಂತರವು ಹೊಲದ್ದೋ ಉಪಕರಣದ್ದೋ ಹೇಳಲಾಗದು. ಹೌದದ ನೀರು ಸುಳ್ಳಲ್ಲ; ಅದು ಮಣ್ಣು ಬಿಟ್ಟುಕೊಟ್ಟ ನೀರು. ಮಣ್ಣು ಉಳಿಸಿಕೊಂಡ ನೀರಿನ ಲೆಕ್ಕ ಬೇರೆ.