ಕಾಡನ್ನು ಕಾಯ್ದ ತರುಣರು



ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟವರು ಹೊಳೆಯನ್ನು ದಾಟಿದೊಡನೆ ತಲ್ಲೂರನ್ನು ಸೇರುತ್ತಾರೆ. ಘಟ್ಟದ ಕಡೆಯಿಂದ ಇಳಿದು ಬಂದ ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಈ ಪರಿಸರದಲ್ಲಿಯೇ ಗಂಗೊಳ್ಳಿಯ ಬಳಿ ಕೂಡಿ ಸಮುದ್ರವನ್ನು ಸೇರುತ್ತವೆ. ಪಂಚಗಂಗಾವಳಿ ಎಂದು ಜನ ಅದನ್ನು ಕರೆಯುತ್ತಾರೆ. ಘಟ್ಟದ ಕಾಡು ಮಳೆಯ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಟ್ಟುಕೊಡುವವರೆಗೆ ಮಾತ್ರ ಈ ಹೊಳೆಗಳಲ್ಲಿ ಬೇಸಗೆಯಲ್ಲಿಯೂ ಸಿಹಿನೀರು. ಕಾಡು ಬೋಳಾದರೆ ಮಳೆಗಾಲದಲ್ಲಿ ನೆರೆ. ಬೇಸಗೆಯಲ್ಲಿ ಸಮುದ್ರದ ಉಪ್ಪುನೀರು ಮೇಲೇರಿ ಗದ್ದೆ ಬಾವಿಗಳನ್ನು ಕೆಡಿಸುತ್ತದೆ. ಆದುದರಿಂದ ತಲ್ಲೂರಿನಲ್ಲಿ ಕುಳಿತವನಿಗೆ ಘಟ್ಟದ ಮೇಲಿನ ಕಾಡು ಪರರ ಸೊತ್ತಲ್ಲ.

ಈ ದಿನಗಳಲ್ಲಿ ಯುವಜನರಲ್ಲಿ ನಾಯಕತ್ವವನ್ನು ಬೆಳೆಸಬೇಕು, ಅವರ ಮೂಲಕ ಪರಿಸರವೂ ಸಮಾಜವೂ ಸುಧಾರಿಸಬೇಕು ಎಂದು ಎಲ್ಲೆಡೆ ಶಿಬಿರಗಳು ನಡೆಯುತ್ತಿವೆ. ಉದ್ದೇಶ ಸ್ತುತ್ಯವೇ. ಆದರೆ ಶಿಬಿರ ಮುಗಿದು ಪ್ರಮಾಣಪತ್ರವನ್ನು ಹಂಚಿದ ಮೇಲೆ ಉಳಿಯುವುದೇನು? ಈ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆ. ಅದಕ್ಕಾಗಿ ತಲ್ಲೂರಿನಿಂದ ಉತ್ತರಕ್ಕೆ ಸಾಗಿ, ಇದೇ ಘಟ್ಟಸಾಲಿನ ಶಿರಸಿ ಸೀಮೆಗೆ ಹೋಗಬೇಕು.

ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ಉತ್ತರ ಕನ್ನಡದ ಅರಣ್ಯದ ಮೇಲೆ ಬಿದ್ದ ಭಾರ ಸಾಮಾನ್ಯವಲ್ಲ. ಕಾಗದ ಮತ್ತು ಪ್ಲೈವುಡ್ ಕಾರ್ಖಾನೆಗಳು ಬಂದವು. ಅಣೆಕಟ್ಟುಗಳು ಕಣಿವೆಗಳನ್ನು ಮುಳುಗಿಸಿದವು. ನೂರು ಬಗೆಯ ಗಿಡಮರಗಳಿದ್ದ ಸಹಜಾರಣ್ಯವನ್ನು ಬೋಳಿಸಿ ಸಾಗುವಾನಿ, ನೀಲಗಿರಿಗಳ ಏಕಜಾತಿಯ ನೆಡುತೋಪುಗಳನ್ನು ಎಬ್ಬಿಸಲಾಯಿತು. ಒರತೆಗಳು ಬತ್ತಿದವು. ಅಡಿಕೆ ತೋಟಕ್ಕೆ ಸೊಪ್ಪು, ಒಲೆಗೆ ಕಟ್ಟಿಗೆ, ದನಕ್ಕೆ ಮೇವು ದೊರೆಯುವುದು ದುಸ್ತರವಾಯಿತು.

ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಿನ ಚಿಕ್ಕ ಹಳ್ಳಿಗಳ ತರುಣರು ಇದನ್ನು ಕಣ್ಣಾರೆ ಕಂಡರು. ಅವರಿಗೆ ಯಾರೂ ನಾಯಕತ್ವದ ಪಾಠ ಹೇಳಿರಲಿಲ್ಲ. ಅವರಲ್ಲಿದ್ದುದು ಲಕ್ಷ್ಮೀನರಸಿಂಹ ಯುವಕ ಮಂಡಳಿ ಎಂಬ ಒಂದು ಸಾಮಾನ್ಯ ಸಂಘ. ಕರಾವಳಿಯ ಊರೂರಿನಲ್ಲಿಯೂ ಇಂಥ ಮಂಡಳಿಗಳುಂಟು. ಮೊದಲು ಅವರು ಕಡಿತವನ್ನು ನಿಲ್ಲಿಸಿರೆಂದು ಅಧಿಕಾರಿಗಳಿಗೆ ಬರೆದುಕೊಂಡರು. ಫಲ ದೊರೆಯಲಿಲ್ಲ. ಆಗ ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರನ್ನು ಕರೆಸಿ, ಮರಗಳನ್ನು ಅಪ್ಪಿಕೊಂಡು ಕಾಯುವೆವೆಂದು ಊರವರೊಡನೆ ಸಂಕಲ್ಪಗೈದರು. ಗಢವಾಲದ ರೇಣಿ ಗ್ರಾಮದಲ್ಲಿ 1974ರ ಮಾರ್ಚ್ 26ರಂದು ಗೌರಾದೇವಿಯೆಂಬ ಹಳ್ಳಿಯ ತಾಯಿ ತನ್ನ ಸಂಗಾತಿಗಳೊಡನೆ ಮರಗಳಿಗೆ ಅಡ್ಡನಿಂತ ವೃತ್ತಾಂತ ಅವರಿಗೆ ಸ್ಫೂರ್ತಿಯಾಯಿತು.

1983ರ ಸೆಪ್ಟೆಂಬರ್ 8. ಕಳಾಸೆಯ ಕಾಡಿನಲ್ಲಿ ಕೊಡಲಿಯ ಸಪ್ಪಳ ಕೇಳಿತು. ಗಂಡಸರು, ಹೆಂಗಸರು, ಮಕ್ಕಳು ಎನ್ನದೆ ನೂರಕ್ಕೂ ಮಿಕ್ಕ ಜನ ಕಾಲ್ನಡಿಗೆಯಲ್ಲಿ ಕಾಡನ್ನು ಹೊಕ್ಕು ಮರಗಳನ್ನು ತಬ್ಬಿ ನಿಂತರು. ಕೊಡಲಿ ಕೆಳಗಿಳಿಯಿತು. ‘ಅಪ್ಪಿಕೋ’ ಎಂಬ ಅಚ್ಚಗನ್ನಡದ ಹೆಸರು ಅಂದಿನಿಂದ ಲೋಕಪ್ರಸಿದ್ಧವಾಯಿತು. ಆ ಕಾವಲು ಒಂದು ದಿನದ ಉತ್ಸಾಹವಾಗಿರಲಿಲ್ಲ. ಮೂವತ್ತೆಂಟು ದಿನ ನಡೆಯಿತು. ಮಳೆ ಪೂರ್ತಿ ಬಿಡದ ಕಾಲ, ಜಿಗಣೆಗಳ ಕಾಡು, ಮನೆಯಲ್ಲಿ ಕೆಲಸದ ಒತ್ತಡ. ಆದರೂ ಸರದಿಯ ಮೇಲೆ ಜನ ಬಂದು ನಿಂತರು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಈ ತರುಣರು ಬರಿಯ ಘೋಷಣೆಯಿಂದ ವಾದಿಸಲಿಲ್ಲ. ಎಕರೆಗೆ ಎರಡು ಮರಗಳನ್ನಷ್ಟೇ ಆಯ್ದು ಕಡಿಯುವ ನಿಯಮವಿದೆಯೆಂದು ಇಲಾಖೆ ಹೇಳುತ್ತಿತ್ತು. ಕಾಡಿನಲ್ಲಿ ನಿಂತು ನೋಡಿದವರಿಗೆ, ಕಡಿದ ಮರಗಳು ನಿಯಮಕ್ಕಿಂತ ಹೆಚ್ಚು ಎಂಬುದೂ, ಒಂದು ಹೆಮ್ಮರ ಉರುಳುವಾಗ ಅಕ್ಕಪಕ್ಕದ ಗಿಡಗಳನ್ನೂ ಮುರಿದೇ ಉರುಳುತ್ತದೆಂಬುದೂ ತಿಳಿಯಿತು. ಅದನ್ನೇ ಅವರು ಅಧಿಕಾರಿಗಳಿಗೆ ತೋರಿಸಿದರು. ಕೂಗಿಗೆ ಉತ್ತರ ಕೊಡಬಹುದು. ಕಣ್ಣೆದುರಿನ ಬೊಡ್ಡೆಗೆ ಉತ್ತರವೆಲ್ಲಿಂದ?

ಪಾಂಡುರಂಗ ಹೆಗಡೆಯವರೇ ಮೊದಲಾದ ಕಾರ್ಯಕರ್ತರು ಪಾದಯಾತ್ರೆ, ಬೀದಿನಾಟಕ, ಯಕ್ಷಗಾನಗಳ ಮೂಲಕ ಈ ಸಂದೇಶವನ್ನು ಹಳ್ಳಿಹಳ್ಳಿಗೆ ಕೊಂಡೊಯ್ದರು. ಬೆಣಗಾಂವ, ಹುಸ್ರಿ, ನಿಡಗೋಡುಗಳಲ್ಲಿಯೂ ಜನ ಎದ್ದುನಿಂತರು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳಲ್ಲಿ ಚಳವಳಿಯ ಸಾರವೆಲ್ಲ ಅಡಗಿದೆ. ಇವುಗಳಲ್ಲಿ ಮೂರನೆಯದೇ ಅತ್ಯಂತ ಕಠಿಣ. ಏಕೆಂದರೆ ಮೊದಲನೆಯದು ಪರರಿಗೆ ‘ನಿಲ್ಲು’ ಎನ್ನುತ್ತದೆ. ಮೂರನೆಯದು ತನಗೆ ತಾನೇ ‘ಮಿತಿಯಲ್ಲಿರು’ ಎನ್ನುತ್ತದೆ. ಕಾಡಿನ ಸೊಪ್ಪು, ಕಟ್ಟಿಗೆಗಳನ್ನು ಉಪಯೋಗಿಸುವವರು ತಾವೂ ಹೌದೆಂದು ಒಪ್ಪಿ, ಅವರು ಸಸಿಗಳನ್ನು ಬೆಳೆಸಿದರು. ಕಟ್ಟಿಗೆ ಕಡಿಮೆ ಸಾಕಾಗುವ ಸುಧಾರಿತ ಒಲೆಗಳನ್ನು ಮನೆಮನೆಯಲ್ಲಿ ಹೂಡಿದರು. ಅನ್ಯರ ಕೊಡಲಿಯನ್ನು ತಡೆದವನು ತನ್ನ ಒಲೆಯನ್ನೂ ತಿದ್ದಿಕೊಂಡಾಗಲೇ ಅವನ ಮಾತಿಗೆ ತೂಕ ಬರುತ್ತದೆ.

ಘಟ್ಟದ ಪೂರ್ವಕ್ಕಿರುವ ಬಯಲುಸೀಮೆಯ ಅಂಚಿನಲ್ಲಿ ಇನ್ನೊಂದು ನಿದರ್ಶನ ದೊರೆಯುತ್ತದೆ. ಈಗ ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ, ಗೋಮಾಳಗಳನ್ನು ನೀಲಗಿರಿ ತೋಪಿಗಾಗಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಕೊಟ್ಟುದನ್ನು ವಿರೋಧಿಸಿ, 1987ರ ನವೆಂಬರ್ 14ರಂದು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ಸಾಂಕೇತಿಕವಾಗಿ ಕೆಲವು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯುಕ್ತವಾದ ಸಸಿಗಳನ್ನು ಅಲ್ಲಿಯೇ ನೆಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದರ ಬೆನ್ನಿಗಿತ್ತು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು. ಕೀಳುವ ಕೈಯೇ ನೆಡುವ ಕೈಯೂ ಆಗಿತ್ತು ಎಂಬುದೇ ಇದರ ವೈಶಿಷ್ಟ್ಯ.

ಈ ಎರಡು ಘಟನೆಗಳಿಂದ ನಮಗೆ ವ್ಯಕ್ತವಾಗುವುದು ಇಷ್ಟು: ನಾಯಕತ್ವವೆಂಬುದು ಮೊದಲು ಕಲಿತು ಆಮೇಲೆ ಪ್ರಯೋಗಿಸುವ ವಿದ್ಯೆಯಲ್ಲ. ತನ್ನ ಊರಿನ ಒಂದು ನೋವನ್ನು ತನ್ನದೆಂದು ತಿಳಿದು, ಅದರ ನಿಜವನ್ನು ಕಣ್ಣಿಂದ ಕಂಡು, ತಾಯಂದಿರನ್ನೂ ಬಡವರನ್ನೂ ಜೊತೆಗೂಡಿಸಿ, ಬಹುದಿನ ನಿಲ್ಲುವವನಲ್ಲಿ ಅದು ತಾನಾಗಿ ಮೂಡುತ್ತದೆ. ಶಿಬಿರ ಅದಕ್ಕೆ ನೀರೆರೆಯಬಹುದು, ಬೀಜವಾಗಲಾರದು.

ಸಾಲ್ಕಣಿಯ ಅಂದಿನ ತರುಣರು ಇಂದು ವೃದ್ಧಾಪ್ಯದತ್ತ ಸಾಗಿದ್ದಾರೆ. ಬಹುಗುಣರು 2021ರ ಮೇ 21ರಂದು ನಮ್ಮನ್ನಗಲಿದರು. ಮಲೆನಾಡಿನ ಅನೇಕ ಮನೆಗಳಲ್ಲಿ ಈಗ ಮುದುಕರು ಮಾತ್ರ ಉಳಿದಿದ್ದಾರೆ; ಮಕ್ಕಳು ದೂರದ ನಗರಗಳಲ್ಲಿದ್ದಾರೆ. ಮರವನ್ನು ಅಪ್ಪಲು ತೋಳುಗಳೇ ಇಲ್ಲದ ಕಾಲ ಬಂದೀತೇ ಎಂಬುದೇ ನಮ್ಮನ್ನು ಕಾಡುವ ಚಿಂತೆ.

ಮಠದ ಅಂಗಳದಲ್ಲಿ ಉಂಡು ಓದಿ, ಇಂದು ನಾನಾ ಕಡೆ ನೆಲಸಿರುವ ಹಳೆಯ ವಿದ್ಯಾರ್ಥಿಗಳೇ, ತಮ್ಮಲ್ಲಿ ನಮ್ಮದೊಂದು ವಿನಂತಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ಹುಟ್ಟೂರಿಗೆ ಕರೆತನ್ನಿ. ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆಂದು ಹೊಳೆಯ ಎದುರು ದಿಕ್ಕಿಗೆ ಅವರೊಡನೆ ನಡೆಯಿರಿ. ಆ ದಾರಿಯಲ್ಲಿ ಒಂದು ಬತ್ತಿದ ಒರತೆ ಕಂಡರೆ, ಏಕೆ ಬತ್ತಿತೆಂದು ಮಗು ಕೇಳಿದರೆ, ಅಲ್ಲಿಯೇ ಶಿಬಿರ ಆರಂಭವಾಯಿತೆಂದು ತಿಳಿಯಿರಿ. ಆ ಪ್ರಶ್ನೆ ಮನೆಮನೆಯಲ್ಲಿ ಹುಟ್ಟಲೆಂದು ಹಾರೈಸುತ್ತೇವೆ.