ಲೆಕ್ಕಕ್ಕೆ ಸಿಗದ ಜ್ವರ: ನಮ್ಮ ರಕ್ತದಲ್ಲಿರೋ ಡೆಂಗ್ಯೂ ಇತಿಹಾಸ

ಕಳೆದ ಮಳೆಗಾಲದಲ್ಲಿ ಬಸವೇಶ್ವರನಗರದ ನಮ್ಮ ಬೀದೀಲಿ ಮೂರು ಮನೆಗೆ ಡೆಂಗ್ಯೂ ಬಂತು. ಅಮ್ಮ ಹೇಳಿದ್ದು ಒಂದೇ ಮಾತು: "ಸದ್ಯ, ನಮ್ಮ ಮನೇಲಿ ಇವತ್ತಿನವರೆಗೂ ಯಾರಿಗೂ ಬಂದಿಲ್ಲ ಕಣೋ." ಆ ಮಾತು ನಿಜಾನಾ? ಇವತ್ತಿನ ಎಪಿಸೋಡ್ ಅದರ ಬಗ್ಗೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ಆಸ್ಪತ್ರೆಯ ಕೇಸುಗಳ ಸಂಖ್ಯೆ ಡೇ ಬುಕ್ ಇದ್ದ ಹಾಗೆ. ಬಾಗಿಲಿಗೆ ಬಂದವರು ಮಾತ್ರ ಅದರಲ್ಲಿ ಸೇರ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ಅದರಲ್ಲಿದ್ದದ್ದು 25 ಸಾವಿರ ಚಿಲ್ಲರೆ ಕೇಸು. ಆದರೆ ಸೋಂಕು ತಗುಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ಕಾಯಿಲೆ ಗೊತ್ತೇ ಆಗಲ್ಲ. ಅವರ ಲೆಕ್ಕ ಉಳಿಯೋದು ರಕ್ತದ ಪ್ರತಿಕಾಯಗಳಲ್ಲಿ.

ಆ ಲೆಕ್ಕ ಓದೋ ಕೆಲಸ ಹಳೇದು. 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಯ್ತು. ಒಂದೆರಡು ವರ್ಷದಲ್ಲೇ ಅಲ್ಲಿನ ವಿಜ್ಞಾನಿಗಳು ಭಾರತೀಯರ ರಕ್ತದಲ್ಲಿ ಡೆಂಗ್ಯೂ ಪ್ರತಿಕಾಯಗಳನ್ನು ಕಂಡರು. ಕಲ್ಕತ್ತಾದ ದೊಡ್ಡ ಹಾವಳಿ ಬಂದದ್ದು ಆಮೇಲೆ, 1963ರಲ್ಲಿ. ನಮ್ಮ ಮಂಗಳೂರಿನದು 1993ರಲ್ಲಿ, ದೆಹಲಿಯದು 1996ರಲ್ಲಿ. ಅಂದ್ರೆ, ಸುದ್ದಿಯಾಗೋಕೆ ಮೊದಲೇ ವೈರಸ್ ಜನರ ಮೈಯೊಳಗೆ ಓಡಾಡ್ತಿತ್ತು.

2017–18ರಲ್ಲಿ ಐಸಿಎಂಆರ್ 15 ರಾಜ್ಯಗಳ 60 ಜಿಲ್ಲೆಗಳಲ್ಲಿ 5ರಿಂದ 45 ವರ್ಷದ 12,300 ಜನರ ರಕ್ತ ಪರೀಕ್ಷಿಸಿತು. ದೇಶದ ಸರಾಸರಿ ಶೇ. 48.7. ಈಶಾನ್ಯದಲ್ಲಿ ಬರೀ ಶೇ. 5. ದಕ್ಷಿಣದಲ್ಲಿ? ಶೇ. 76.9! ಇದು ರಾಜಾಜಿನಗರದ ಅಂಕಿಯಲ್ಲ, ಇಡೀ ದಕ್ಷಿಣದ್ದು, ನಿಜ. ಆದರೂ ಅಮ್ಮನ ಮಾತು ಸುಳ್ಳಾಗಿರೋ ಸಾಧ್ಯತೆಯೇ ಜಾಸ್ತಿ.

ಗೊತ್ತಾದ್ರೆ ಏನು ಪ್ರಯೋಜನ ಅಂತೀರಾ? ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದ ಮೇಲೆ ಇನ್ನೊಂದು ಬಂದ್ರೆ ಕಾಯಿಲೆ ತೀವ್ರವಾಗೋ ಅಪಾಯ ಹೆಚ್ಚು. "ನಮಗೆ ಮೊದಲ ಸಲ, ಏನಾಗಲ್ಲ" ಅಂದುಕೊಂಡವರಿಗೆ ಅದು ಎರಡನೇ ಸಲ ಆಗಿರಬಹುದು. ಫಿಲಿಪ್ಪೀನ್ಸ್‌ನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಕೊಟ್ಟ ಮೇಲೆ, 2017ರಲ್ಲಿ ತಿಳಿದದ್ದು ಇದು: ಮೊದಲು ಸೋಂಕು ಆಗದ ಮಕ್ಕಳಿಗೆ ಆ ಲಸಿಕೆಯೇ ಅಪಾಯ ಹೆಚ್ಚಿಸಬಹುದು. ಲಸಿಕೆ ಕಾರ್ಯಕ್ರಮ ಅಲ್ಲಿಗೇ ನಿಂತಿತು. ಯಾರ ರಕ್ತದಲ್ಲಿ ಏನಿದೆ ಅನ್ನೋ ಲೆಕ್ಕ ಅಷ್ಟು ಮುಖ್ಯ.

ಈಗ ನಮ್ಮ ಏರಿಯಾಗೆ ಬರೋಣ. ಸೊಳ್ಳೆ ಅಂದ ತಕ್ಷಣ ನಾವು ಬೈಯೋದು ಕೆಂಗೇರಿ ಕಡೆ ಹರಿಯೋ ವೃಷಭಾವತಿಯನ್ನ. ಆ ಕೊಳಚೆಯಲ್ಲಿ ಹುಟ್ಟೋದು ಬೇರೆ ಸೊಳ್ಳೆ, ಕ್ಯೂಲೆಕ್ಸ್. ಡೆಂಗ್ಯೂ ಹರಡೋ ಈಡಿಸ್‌ಗೆ ನಮ್ಮನೆಯ ತಿಳಿನೀರೇ ಇಷ್ಟ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ. ಎಷ್ಟು ಬಂದ್ರೂ ಬೆಳೆಯೋ ಊರಿಗೆ ಸಾಲಲಿಲ್ಲ. ನೀರು ಬಿಟ್ಟಾಗ ಹಿಡಿದಿಡೋದು ನಮ್ಮ ಅಭ್ಯಾಸ ಆಯ್ತು: ಸಂಪು, ಡ್ರಮ್ಮು, ಬಕೆಟ್ಟು. ಈಡಿಸ್ ಮೊಟ್ಟೆ ಇಡೋದು ನೀರಿನ ಅಂಚಿನ ಗೋಡೆಗೆ. ನೀರು ಒಣಗಿದ್ರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತೆ.

ಹಾಗಾಗಿ ಡ್ರಮ್ಮಿನ ನೀರು ಚೆಲ್ಲಿದ್ರೆ ಸಾಲದು, ಒಳಗಡೆ ಬ್ರಷ್ ಹಾಕಿ ಉಜ್ಜಬೇಕು, ವಾರಕ್ಕೊಮ್ಮೆ. ಅಮ್ಮನಿಗೆ ಇದೆಲ್ಲ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, ಬ್ರಷ್ ತಂದು ನನ್ನ ಕೈಗೇ ಕೊಟ್ಟರು. ಮುಂದಿನ ವಾರ ಸಿಗೋಣ.